ತುಟ್ಟಿ ಗುಳಿಗೆ, ಸಣ್ಣ ಸಂಬಳ: ಕಲಬುರಗಿ ಕಡೆಯವರು ಔಷಧದ ಖರ್ಚಿಗೆ ದಾರಿ ಹುಡುಕುವುದು ಹೇಗೆ

ನಮ್ಮವ್ವನ ಚೀಟಿಯಲ್ಲಿ ಏಳು ಔಷಧದ ಹೆಸರಿದ್ದವು. ಸಕ್ಕರೆ, ಬಿಪಿ, ಹೃದಯ, ಮೂರಕ್ಕೂ ಸೇರಿ. ಪ್ರತಿ ತಿಂಗಳು ಸೂಪರ್ ಮಾರ್ಕೆಟ್ ಕಡೆಯ ಒಂದು ಮೆಡಿಕಲ್‌ಗೆ ಹೋಗಿ ಚೀಟಿ ಕೊಡುವುದು, ಬಿಲ್ಲು ನೋಡದೆ ದುಡ್ಡು ಕೊಟ್ಟು ಬರುವುದು ನನ್ನ ರೂಢಿ. ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಏಳರಲ್ಲಿ ಐದು ಗುಳಿಗೆ ಸೇರಿ ಬಿಲ್ಲಿನ ಕಾಲು ಭಾಗವೂ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ಬರೀ ಎರಡು ಗುಳಿಗೆಗೆ ಹೋಗುತ್ತಿತ್ತು.

ಅದರಲ್ಲಿ ಒಂದು ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್. ಒಂದಕ್ಕೆ ಸುಮಾರು 60 ರೂಪಾಯಿ, ತಿಂಗಳಿಗೆ 1,800. ಈ ಔಷಧದ ಪೇಟೆಂಟ್, ಅಂದರೆ ಒಂದೇ ಕಂಪನಿ ಮಾರುವ ಹಕ್ಕು, 2025ರ ಮಾರ್ಚ್‌ನಲ್ಲೇ ಮುಗಿದಿತ್ತು. ಹತ್ತಾರು ಕಂಪನಿಗಳು ಅದೇ ಗುಳಿಗೆಯನ್ನು 10 ರೂಪಾಯಿ ಆಸುಪಾಸಿಗೆ ತಂದಿದ್ದವು. ನಾನು ಮಾತ್ರ ದೀಪಾವಳಿ ತನಕ ಹಳೆ ರೇಟು ಕೊಡುತ್ತಲೇ ಇದ್ದೆ. ಅಂಗಡಿಯವರು ಹೇಳಲಿಲ್ಲ. ಡಾಕ್ಟರ್ ಪ್ರತಿ ಸಲ ‘ಸೇಮ್ ಕಂಟಿನ್ಯೂ’ ಅಂತ ಬರೆದರು. ನಾನೂ ಕೇಳಲಿಲ್ಲ.

ಆಮೇಲೆ ಅವ್ವನಿಗಾಗಿ, ಚಿಕ್ಕಪ್ಪನ ಕ್ಯಾನ್ಸರಿಗಾಗಿ, ಓಣಿಯ ಇನ್ನೊಬ್ಬರಿಗಾಗಿ ಓಡಾಡುತ್ತಾ ಒಂದಷ್ಟು ಕಲಿತೆ. ಮುಖ್ಯವಾಗಿ ಕಲಿತದ್ದು ಇದು: ನಮ್ಮಲ್ಲಿ ಆಪರೇಷನ್‌ಗೆ ದುಡ್ಡು ಕೊಡುವ ಯೋಜನೆ ಬೇಕಾದಷ್ಟಿವೆ, ಮನೆಯಲ್ಲಿ ದಿನಾ ನುಂಗುವ ಗುಳಿಗೆಗೆ ಕೊಡುವವರು ಬಹಳ ಕಡಿಮೆ. ಹಾಗಾಗಿ ಮೊದಲೇ ಶಾಸಕರ ಮನೆ ಮುಂದೆ ಅರ್ಜಿ ಹಿಡಿದು ನಿಲ್ಲಬೇಡಿ. ಮೊದಲು ರೇಟು ಇಳಿಸಿ, ಆಮೇಲೆ ಪುಕ್ಕಟೆ ಎಲ್ಲಿ ಸಿಗುತ್ತದೆ ನೋಡಿ, ಅದಾದ ಮೇಲೆ ಕಾರ್ಡು, ಕೊನೆಗೆ ಪರಿಹಾರ ನಿಧಿ.

ಮೊದಲು ಚೀಟಿ ಬಿಡಿಸಿ ಓದಿ

ಒಂದು ಹಾಳೆ ತೆಗೆದುಕೊಳ್ಳಿ. ಗುಳಿಗೆ ಪಟ್ಟಿಗಳನ್ನೆಲ್ಲ ಮುಂದೆ ಹರಡಿ. ಪ್ರತಿ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಜೊತೆಗೇ ಔಷಧದ ನಿಜವಾದ ಹೆಸರೂ ಇರುತ್ತದೆ. ಅದನ್ನೇ ಸಾಲ್ಟ್ ಅಥವಾ ಜೆನೆರಿಕ್ ಹೆಸರು ಅನ್ನುತ್ತಾರೆ. ಆ ಹೆಸರು, ಎಷ್ಟು ಮಿಲಿಗ್ರಾಂ, ಪಟ್ಟಿಯಲ್ಲಿ ಎಷ್ಟು ಗುಳಿಗೆ, ಎಂಆರ್‌ಪಿ ಎಷ್ಟು ಅಂತ ಬರೆದುಕೊಳ್ಳಿ. ಎಂಆರ್‌ಪಿಯನ್ನು ಗುಳಿಗೆಗಳ ಸಂಖ್ಯೆಯಿಂದ ಭಾಗಿಸಿ. ಒಂದು ಪಟ್ಟಿಯಲ್ಲಿ 10 ಇದ್ದರೆ ಇನ್ನೊಂದರಲ್ಲಿ 14 ಅಥವಾ 15 ಇರುತ್ತವೆ, ಮೋಸ ಹೋಗುವುದು ಇಲ್ಲೇ.

ಹೆಸರಿನ ಬಾಲವನ್ನೂ ಬಿಡದೆ ಬರೆಯಿರಿ. ಮೆಟ್‌ಫಾರ್ಮಿನ್ ಬೇರೆ, ಮೆಟ್‌ಫಾರ್ಮಿನ್ ಎಸ್‌ಆರ್ ಬೇರೆ. ಎಸ್‌ಆರ್ ಅಂದರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂಥದ್ದು. ಮೆಟೊಪ್ರೊಲಾಲ್ ಸಕ್ಸಿನೇಟ್ ಮತ್ತು ಟಾರ್ಟ್ರೇಟ್ ಕೂಡ ಒಂದೇ ಅಲ್ಲ. ಇದರಲ್ಲಿ ಗೊಂದಲ ಮಾಡಿಕೊಂಡು ಬದಲಾಯಿಸಿದರೆ ದುಡ್ಡು ಉಳಿಯಬಹುದು, ಬಿಪಿ ಏರುತ್ತದೆ.

ಈಗ ಮೊಬೈಲ್‌ನಲ್ಲಿ ‘ಫಾರ್ಮಾ ಸಹಿ ದಾಮ್’ ಆ್ಯಪ್ ತೆರೆಯಿರಿ. ಇದು ಔಷಧಗಳ ಬೆಲೆ ನಿಗದಿ ಮಾಡುವ ರಾಷ್ಟ್ರೀಯ ಪ್ರಾಧಿಕಾರದ್ದು, ಅಂದರೆ ಎನ್‌ಪಿಪಿಎದ್ದು. ನಿಮ್ಮ ಬ್ರ್ಯಾಂಡ್ ಹೆಸರು ಹಾಕಿದರೆ ಅದೇ ಔಷಧದ ಬೇರೆ ಬ್ರ್ಯಾಂಡ್‌ಗಳು, ಅವುಗಳ ಬೆಲೆ ಕಾಣುತ್ತವೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧಕ್ಕೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿದೆ. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ದೂರು ಕೊಡಬಹುದು. ಇನ್ನೊಂದು ವಿಷಯ: ಇಡೀ ಪಟ್ಟಿಗೆ ದುಡ್ಡಿಲ್ಲದೆ ನಾಲ್ಕೇ ಗುಳಿಗೆ ತಂದರೂ, ಬಿಡಿ ಗುಳಿಗೆಗೆ ಪಟ್ಟಿಯ ಲೆಕ್ಕಕ್ಕಿಂತ ಜಾಸ್ತಿ ರೇಟು ಹಾಕುವಂತಿಲ್ಲ. ಇದು 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲೇ ಇದೆ.

ಡಾಕ್ಟರ್ ಹತ್ತಿರ ಬಾಯಿ ಬಿಡುವುದು

ನಮ್ಮ ಕಡೆ ಡಾಕ್ಟರ್ ಮುಂದೆ ದುಡ್ಡಿನ ಮಾತು ಎತ್ತಲು ಸಂಕೋಚ. ‘ಇಷ್ಟೂ ಕೊಡೋ ತಾಕತ್ತಿಲ್ಲೇನು ಇವನಿಗೆ’ ಅಂದುಕೊಂಡಾರು ಅಂತ. ನಾನೂ ಹಾಗೇ ಇದ್ದೆ. ಕೊನೆಗೆ ಕೇಳಿದವಳು ಅವ್ವನೇ. ಕುರ್ಚಿಯಿಂದ ಏಳುವಾಗ ಮೆಲ್ಲಗೆ ಅಂದಳು: ‘ಡಾಕ್ಟರ್ ಸಾಹೇಬ್ರ, ಈ ಗುಳಿಗಿ ಭಾಳ ತುಟ್ಟಿ ಆಗ್ಯಾವ್ರಿ. ಇದ್ರಾಗೇ ಸೋವಿದು ಇದ್ರ ಬರ್ಕೊಡ್ರಿ.’ ಅವರು ನಕ್ಕು, ಚೀಟಿ ವಾಪಸ್ ತೆಗೆದುಕೊಂಡು, ಎರಡು ಸಾಲು ಹೊಡೆದು ಹೊಸದಾಗಿ ಬರೆದುಕೊಟ್ಟರು. ಎರಡು ನಿಮಿಷದ ಕೆಲಸ.

ಕೇಳಬೇಕಾದ್ದು ಮೂರು. ಇದೇ ಸಾಲ್ಟ್‌ನ ಅಗ್ಗದ ಬ್ರ್ಯಾಂಡ್ ಆದೀತೇ? ಎರಡು ಔಷಧ ಸೇರಿಸಿ ಮಾಡಿದ ಕಾಂಬಿನೇಷನ್ ಗುಳಿಗೆ ಇದ್ದರೆ, ಅದನ್ನು ಬಿಡಿಸಿ ಎರಡು ಬೇರೆ ಗುಳಿಗೆ ಬರೆದರೆ ಸೋವಿ ಆದೀತೇ? ಮತ್ತು ಈ ಏಳರಲ್ಲಿ ಈಗ ಬಿಡಬಹುದಾದ್ದು ಯಾವುದಾದರೂ ಇದೆಯೇ? ಮೂರನೆಯದನ್ನು ತಪ್ಪದೆ ಕೇಳಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ ಬರೆದ ಗ್ಯಾಸ್ಟ್ರಿಕ್ ಗುಳಿಗೆ, ವಿಟಮಿನ್ ಗುಳಿಗೆ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತಿರುತ್ತವೆ.

ಒಂದು ಎಚ್ಚರಿಕೆ. ಫಿಟ್ಸ್‌ನ ಔಷಧ, ಥೈರಾಯ್ಡ್ ಗುಳಿಗೆ, ರಕ್ತ ತೆಳು ಮಾಡುವ ವಾರ್ಫರಿನ್, ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್: ಇವುಗಳ ಬ್ರ್ಯಾಂಡನ್ನು ನೀವಾಗಿಯೇ ಬದಲಾಯಿಸಬೇಡಿ. ಸ್ವಲ್ಪ ಏರುಪೇರಾದರೂ ತೊಂದರೆ ಕೊಡುವ ಔಷಧಗಳಿವು. ಡಾಕ್ಟರ್‌ಗೆ ಹೇಳಿಯೇ ಬದಲಿಸಬೇಕು, ಬೇಕಿದ್ದರೆ ರಕ್ತ ಪರೀಕ್ಷೆಯೂ ಆಗಬೇಕು. ದುಡ್ಡು ಉಳಿಸಲು ದಿನ ಬಿಟ್ಟು ದಿನ ನುಂಗುವುದು, ಅರ್ಧ ಮಾಡಿ ನುಂಗುವುದು ಇನ್ನೂ ಕೆಟ್ಟದ್ದು.

ಜನೌಷಧಿ ಕೇಂದ್ರ

ಪ್ರಧಾನಮಂತ್ರಿ ಭಾರತೀಯ ಜನೌಷಧಿ ಅಂಗಡಿಗಳಲ್ಲಿ 2,000ಕ್ಕೂ ಹೆಚ್ಚು ಬಗೆಯ ಔಷಧಗಳಿವೆ. ದೊಡ್ಡ ಬ್ರ್ಯಾಂಡ್‌ಗಳಿಗೆ ಹೋಲಿಸಿದರೆ ರೇಟು ಅರ್ಧ, ಕೆಲವು ಕಡೆ ಐದನೇ ಒಂದು ಭಾಗ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹತ್ತಿರದ ಅಂಗಡಿ, ಔಷಧದ ಬೆಲೆ ಎರಡೂ ಸಿಗುತ್ತವೆ. ಸಹಾಯವಾಣಿ 1800 180 8080.

ಆದರೆ ಒಂದು ಮಾತು ನೆನಪಿರಲಿ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶ ಮಾಡಿತು. ಆಸ್ಪತ್ರೆಯೇ ಪುಕ್ಕಟೆ ಔಷಧ ಕೊಡಬೇಕು ಅನ್ನುವುದು ಅದರ ವಾದ. ವಿಷಯ ಹೈಕೋರ್ಟಿಗೂ ಹೋಯಿತು. ಹಾಗಾಗಿ ಹಳೆ ನೆನಪಿನ ಮೇಲೆ ಆಳಂದದಿಂದಲೋ ಸುರಪುರದಿಂದಲೋ ಬಸ್ ಹತ್ತಬೇಡಿ. ಆ್ಯಪ್ ನೋಡಿ, ಅಂಗಡಿಗೆ ಫೋನ್ ಮಾಡಿ, ನಿಮ್ಮ ಔಷಧದ ಸ್ಟಾಕ್ ಇದೆ ಅಂದರೆ ಹೊರಡಿ. ಸ್ಟಾಕ್ ಖಾಲಿ ಆಗುವುದು ಈ ಅಂಗಡಿಗಳ ಹಳೆ ರೋಗ. ಗುಳಿಗೆ ಮುಗಿಯುವ ವಾರ ಮೊದಲೇ ಹೋಗಿ. ಚೀಟಿಯಲ್ಲಿ ಜೆನೆರಿಕ್ ಹೆಸರೇ ಇದ್ದರೆ ಅಲ್ಲಿ ಚರ್ಚೆ ಇರುವುದಿಲ್ಲ.

‘ಸೋವಿ ಅಂದ್ರ ಡೂಪ್ಲಿಕೇಟ್’ ಅಂತ ನಮ್ಮ ಕಾಕಾ ಇವತ್ತಿಗೂ ವಾದಿಸುತ್ತಾರೆ. ಜನೌಷಧಿ ಔಷಧಗಳನ್ನು ಮಾನ್ಯತೆ ಪಡೆದ ಲ್ಯಾಬ್‌ಗಳಲ್ಲಿ ಪರೀಕ್ಷೆ ಮಾಡಿಯೇ ಅಂಗಡಿಗೆ ಕಳಿಸುತ್ತಾರೆ. ಅನುಮಾನ ಇದ್ದರೆ ಬದಲಾಯಿಸಿದ ಮೊದಲ ತಿಂಗಳು ಸಕ್ಕರೆ, ಬಿಪಿ ಎರಡು ಸಲ ಜಾಸ್ತಿ ನೋಡಿಕೊಳ್ಳಿ. ಅವ್ವನದು ಒಂದು ಅಂಕಿಯೂ ಏರಲಿಲ್ಲ. ಕಾಕಾ ಇನ್ನೂ ಒಪ್ಪಿಲ್ಲ.

ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ತರಬೇಡಿ

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎಂಬ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಮತ್ತೆ ತಾಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಅಂಟದ ಕಾಯಿಲೆಗಳ) ಕ್ಲಿನಿಕ್ ಅಂತ ಕೋಣೆ ಇರುತ್ತದೆ. ಬಿಪಿ, ಸಕ್ಕರೆಯ ಸಾಮಾನ್ಯ ಗುಳಿಗೆಗಳು ಅಲ್ಲಿ ಪುಕ್ಕಟೆ. ಅವ್ವನ ಏಳರಲ್ಲಿ ಮೂರು ಈಗ ಅಲ್ಲಿಂದಲೇ ಬರುತ್ತವೆ. ಸರದಿಯಲ್ಲಿ ನಿಲ್ಲಬೇಕು, ಅದೊಂದು ತೊಂದರೆ.

ಟಿಬಿ ಔಷಧ ಪೂರ್ತಿ ಪುಕ್ಕಟೆ, ಜೊತೆಗೆ ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಖಾಸಗಿ ಡಾಕ್ಟರ್ ಹತ್ತಿರ ತೋರಿಸುವವರಿಗೂ ಇದು ಇದೆ, ಹೆಸರು ನೋಂದಣಿ ಆಗಿರಬೇಕು ಅಷ್ಟೇ. ಎಚ್‌ಐವಿ ಔಷಧ ಎಆರ್‌ಟಿ ಕೇಂದ್ರದಲ್ಲಿ ಪುಕ್ಕಟೆ. ಹೆಪಟೈಟಿಸ್ ಬಿ ಮತ್ತು ಸಿಗೆ 2018ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಹೆಪಟೈಟಿಸ್ ಸಿ ಔಷಧಕ್ಕೆ ಹೊರಗೆ ಸಾವಿರಾರು ರೂಪಾಯಿ, ಇಲ್ಲಿ ಏನೂ ಇಲ್ಲ. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರು ಫ್ಯಾಕ್ಟರ್ ಇಂಜೆಕ್ಷನ್‌ಗೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮಾನಸಿಕ ಕಾಯಿಲೆಯ ಗುಳಿಗೆಗಳನ್ನು ಜನ ಗುಟ್ಟಾಗಿ ದುಡ್ಡು ಕೊಟ್ಟೇ ತರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಅವೂ ಪುಕ್ಕಟೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ನಡೆಯುತ್ತದೆ. ಫೋನಿನಲ್ಲೇ ಮಾತಾಡಬೇಕಾದರೆ ಟೆಲಿ ಮನಸ್, 14416.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿದ್ದರೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷದ ತನಕ. ಆಸ್ಪತ್ರೆ ಸೇರದೆ ಹೊರರೋಗಿಯಾಗಿ ತೆಗೆದುಕೊಂಡ ಔಷಧದ ಬಿಲ್ಲಿಗೂ ಅದರಲ್ಲಿ ಒಂದು ಮಿತಿಯೊಳಗೆ ದುಡ್ಡು ಸಿಗುತ್ತದೆ. ಇಂಥ ಯೋಜನೆ ಅಪರೂಪ.

ಸಂಬಳದ ಚೀಟಿ ನೋಡಿ: ಇಎಸ್‌ಐ

ಸೇಡಂ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ, ದಾಲ್ ಮಿಲ್, ಸೆಕ್ಯೂರಿಟಿ, ಶೋರೂಮ್. ಮನೆಯಲ್ಲಿ ಯಾರಾದರೂ ಇಂಥ ಕಡೆ ದುಡಿಯುತ್ತಿದ್ದರೆ ಅವರ ಸಂಬಳದ ಚೀಟಿ ತರಿಸಿ ನೋಡಿ. ತಿಂಗಳ ಸಂಬಳ 21,000ದ ಒಳಗಿದ್ದು, ಅದರಲ್ಲಿ ಶೇಕಡಾ 0.75 ಕಡಿತ ಆಗುತ್ತಿದ್ದರೆ ಅದೇ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಅವರಿಗೆ, ಹೆಂಡತಿ ಮಕ್ಕಳಿಗೆ, ಅವರನ್ನೇ ನಂಬಿದ ತಂದೆ ತಾಯಿಗೆ ಚಿಕಿತ್ಸೆ ಮತ್ತು ಔಷಧ ಎರಡೂ ಸಿಗುತ್ತವೆ. ದಿನನಿತ್ಯದ ಗುಳಿಗೆಯೂ ಸೇರಿ. ನನ್ನ ಪ್ರಕಾರ ಈ ಭಾಗದ ಬಡ ಸಂಬಳದಾರರಿಗೆ ಇದಕ್ಕಿಂತ ಒಳ್ಳೆ ಸೌಲಭ್ಯ ಇನ್ನೊಂದಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲೇ ದೊಡ್ಡ ಇಎಸ್‌ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ಇದೆ. ಕ್ಯಾನ್ಸರ್, ಟಿಬಿಯಂಥ ದೀರ್ಘ ಕಾಯಿಲೆ ಬಂದು ಕೆಲಸಕ್ಕೆ ಹೋಗಲಾಗದಿದ್ದರೆ, ಷರತ್ತು ಪೂರೈಸಿದವರಿಗೆ ಸಂಬಳದ ಶೇಕಡಾ 80ರಷ್ಟು ಎರಡು ವರ್ಷದ ತನಕ ಸಿಗುತ್ತದೆ.

ಕಟ್ಟಡ ಕೆಲಸದವರಿಗೆ ದಾರಿ ಬೇರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದು, ಅದು ಚಾಲ್ತಿಯಲ್ಲಿದ್ದರೆ ‘ಕಾರ್ಮಿಕ ಚಿಕಿತ್ಸಾ ಭಾಗ್ಯ’ದಲ್ಲಿ ದೊಡ್ಡ ಕಾಯಿಲೆಗಳಿಗೆ 2 ಲಕ್ಷದವರೆಗೆ ಸಹಾಯ ಇದೆ. ರಿನ್ಯೂವಲ್ ಮರೆತವರಿಗೆ ಇಲ್ಲ. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಆಯುಷ್ಮಾನ್ ಕಾರ್ಡು: ಏನು ಬರುತ್ತದೆ, ಏನು ಬರುವುದಿಲ್ಲ

ಬಡವರಿಗೆ ಕಾರ್ಡಿನ ಮೇಲೆ ದೊಡ್ಡ ಚಿಕಿತ್ಸೆ ಅನ್ನುವುದನ್ನು ನಮ್ಮ ಭಾಗದವರು ಬಹಳ ಹಿಂದೆಯೇ ಕಂಡವರು. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾಗಿದ್ದು ಗುಲಬರ್ಗಾ ವಿಭಾಗದಿಂದಲೇ. ಈಗಿರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಕಟ್ಟಿದ ದರದ) ಶೇಕಡಾ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಕಾರ್ಡನ್ನು ಗ್ರಾಮ ಒನ್‌ನಲ್ಲಿ ಮಾಡಿಸಬಹುದು.

ಜನ ತಪ್ಪು ತಿಳಿಯುವುದು ಇಲ್ಲಿ. ಹೊರರೋಗಿಯಾಗಿ ಬರೆಸಿಕೊಂಡ ಗುಳಿಗೆಗೆ ಈ ಕಾರ್ಡು ನಡೆಯುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಒಂದು ದಿನದ ಮಟ್ಟಿಗೆ ಮಲಗಿಸಿ ಕೊಡುವ ಕಿಮೊಥೆರಪಿ ಇಂಜೆಕ್ಷನ್, ಡಯಾಲಿಸಿಸ್ ಇವೆಲ್ಲ ಪ್ಯಾಕೇಜಿನಲ್ಲಿವೆ. ‘ಹೊರಗಿಂದ ಇಂಜೆಕ್ಷನ್ ತನ್ನಿ’ ಅಂದರೆ ದುಡ್ಡು ಹೊಂದಿಸಲು ಓಡುವ ಮೊದಲು ಆಸ್ಪತ್ರೆಯಲ್ಲೇ ಇರುವ, ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರ ಮೇಜಿಗೆ ಹೋಗಿ, ‘ಇದು ಪ್ಯಾಕೇಜಿನಲ್ಲಿ ಬರುತ್ತದಾ?’ ಅಂತ ಕೇಳಿ. ಬಂದರೆ ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ. ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧವೂ ಈ ಯೋಜನೆಯ ಪ್ಯಾಕೇಜಿನ ಲೆಕ್ಕದಲ್ಲೇ ಇದೆ. ಬಾಯಿ ಬಿಟ್ಟು ಕೇಳಿ ಪಡೆಯಬೇಕು.

ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚಿಕ್ಕಪ್ಪನನ್ನು ನೇರವಾಗಿ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂರು ದಿನ ಕಳೆದುಕೊಂಡೆವು. ಕ್ಯಾನ್ಸರ್ ಆದರೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಹೃದಯಕ್ಕೆ ಜಯದೇವ. ಅದರ 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಇವೆರಡಕ್ಕೂ ಬೆಂಗಳೂರಿನ ಬಸ್ ಹಿಡಿಯುವ ಮೊದಲು ಇಲ್ಲಿ ತೋರಿಸಿ. ಯೋಜನೆ ಬಗ್ಗೆ ಸಂಶಯ ಇದ್ದರೆ 104ಕ್ಕೆ ಫೋನ್ ಮಾಡಿ.

ಔಷಧ ಕಂಪನಿಯ ನೆರವು

ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಕ್ಯಾನ್ಸರ್, ಸಂಧಿವಾತ, ಕೆಲವು ರಕ್ತದ ಕಾಯಿಲೆಗಳ ಬಹಳ ತುಟ್ಟಿ ಔಷಧಗಳಿಗೆ ಕಂಪನಿಗಳೇ ‘ಪೇಷಂಟ್ ಅಸಿಸ್ಟೆನ್ಸ್’ ಅಂತ ಕಾರ್ಯಕ್ರಮ ಇಟ್ಟಿರುತ್ತವೆ. ಇಷ್ಟು ಡೋಸ್ ಕೊಂಡರೆ ಇಷ್ಟು ಪುಕ್ಕಟೆ, ಅಥವಾ ಆದಾಯ ನೋಡಿ ಪೂರ್ತಿ ಪುಕ್ಕಟೆ. ಕಂಪನಿಯ ಜಾಹೀರಾತಿನಲ್ಲಿ ಇದು ಕಾಣುವುದಿಲ್ಲ. ಅರ್ಜಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಸಹಿ ಬೇಕು. ಆದ್ದರಿಂದ ಮೊದಲ ಡೋಸ್ ಕೊಳ್ಳುವ ಮುಂಚೆಯೇ ಕೇಳಿ. ಕೊಂಡ ಮೇಲೆ ನೋಂದಣಿ ಮಾಡಿಸಿದರೆ ಆ ಡೋಸ್ ಲೆಕ್ಕಕ್ಕೆ ಸೇರದೇ ಹೋಗಬಹುದು. ಕೊಂಡ ಪ್ರತಿ ವಯಲ್‌ನ ಬಿಲ್ಲು, ಖಾಲಿ ಡಬ್ಬ ಎತ್ತಿಡಿ. ಕೆಲವರು ಅದನ್ನೂ ಕೇಳುತ್ತಾರೆ.

ಅದೇ ಔಷಧದ ಭಾರತೀಯ ಕಂಪನಿಯ ಜೆನೆರಿಕ್ ಅಥವಾ ಬಯೋಸಿಮಿಲರ್ (ಜೈವಿಕ ಔಷಧಕ್ಕೆ ಹೆಚ್ಚೂಕಡಿಮೆ ಅದರಂಥದ್ದೇ ಇನ್ನೊಂದು ಔಷಧ) ಇದೆಯೇ ಅಂತಲೂ ಕೇಳಿ. ರಕ್ತದ ಕ್ಯಾನ್ಸರಿನ ಇಮ್ಯಾಟಿನಿಬ್‌ನ ಹೊಸ ರೂಪಕ್ಕೆ ಪೇಟೆಂಟ್ ಕೊಡಲಾಗದು ಅಂತ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿಂಗಳಿಗೆ ಲಕ್ಷ ದಾಟುತ್ತಿದ್ದ ಬ್ರ್ಯಾಂಡಿನ ಬದಲು ಕೆಲವು ಸಾವಿರದ ಜೆನೆರಿಕ್ ಮುಂದುವರಿಯಿತು. ಇಂಥವು ಇನ್ನೂ ಹಲವು ಇವೆ.

ವಾಟ್ಸ್‌ಆ್ಯಪ್‌ನಲ್ಲಿ ‘ಅರ್ಧ ರೇಟಿಗೆ ಕ್ಯಾನ್ಸರ್ ಇಂಜೆಕ್ಷನ್’ ಅಂತ ಬಂದರೆ ಬಿಟ್ಟುಬಿಡಿ. ಬ್ಯಾಚ್ ನಂಬರ್ ಇರುವ ಬಿಲ್ಲು ಕೊಡದವರ ಹತ್ತಿರ ಏನೂ ಕೊಳ್ಳಬೇಡಿ. ಸೋವಿ ಅಂತ ಹೈದರಾಬಾದ್‌ನಿಂದ ಇನ್ಸುಲಿನ್ ಅಥವಾ ಇಂಜೆಕ್ಷನ್ ತರುವವರು ಥರ್ಮಾಕೋಲ್ ಡಬ್ಬ, ಐಸ್ ಪ್ಯಾಕ್ ಇಟ್ಟುಕೊಂಡೇ ಹೋಗಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ ಅದು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನ ಕಿಟಕಿ ಪಕ್ಕ ನಾಲ್ಕು ತಾಸು ಇಟ್ಟರೆ ಉಳಿಯುವುದೇನು?

ಪರಿಹಾರ ನಿಧಿಗಳು

ಇಷ್ಟಾದ ಮೇಲೂ ಹೊರೆ ಉಳಿದರೆ ಅರ್ಜಿ ಬರೆಯಿರಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಆಧಾರ್, ರೇಷನ್ ಕಾರ್ಡ್, ಆದಾಯ ಪತ್ರ, ಆಸ್ಪತ್ರೆಯ ಅಂದಾಜು ಪಟ್ಟಿ ಅಥವಾ ಮೂಲ ಬಿಲ್ಲುಗಳು ಬೇಕು. ಶಾಸಕರ ಪತ್ರ ಇದ್ದರೆ ಕೆಲಸ ಹಗುರ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಿಂದ ಹೃದಯದ ಆಪರೇಷನ್, ಕಿಡ್ನಿ ಕಸಿ, ಕ್ಯಾನ್ಸರ್ ಮುಂತಾದವಕ್ಕೆ ಭಾಗಶಃ ಸಹಾಯ ಸಿಗುತ್ತದೆ. ಅದು ರೋಗಿಯ ಕೈಗಲ್ಲ, ಆಸ್ಪತ್ರೆಗೆ ಹೋಗುತ್ತದೆ.

ರಾಷ್ಟ್ರೀಯ ಆರೋಗ್ಯ ನಿಧಿ ಬಡತನ ರೇಖೆಗಿಂತ ಕೆಳಗಿನವರಿಗೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೆ. ಇದರಲ್ಲಿ ಈಗಾಗಲೇ ಖರ್ಚಾದ ದುಡ್ಡು ವಾಪಸ್ ಸಿಗುವುದಿಲ್ಲ. ಚಿಕಿತ್ಸೆಗೆ ಮೊದಲೇ ಅರ್ಜಿ ಹೋಗಬೇಕು. ಮಕ್ಕಳಿಗೆ ಅಪರೂಪದ ವಂಶವಾಹಿ ಕಾಯಿಲೆ ಇದ್ದರೆ ದಾರಿ ಇನ್ನೊಂದು. 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅಂಥದ್ದೊಂದು. ಬೀದರ್, ಯಾದಗಿರಿಯವರಿಗೆ ಹೈದರಾಬಾದ್‌ನ ನಿಮ್ಸ್ ಆಸ್ಪತ್ರೆ ಹತ್ತಿರ.

ಈಗ ನಮ್ಮ ಅರ್ಜಿ ವಾಪಸ್ ಬಂದ ಕಥೆ. ಚಿಕ್ಕಮ್ಮನ ಹೆಸರು ಆಧಾರ್‌ನಲ್ಲಿ ‘ಬಾಯಿ’ ಅಂತ ಮುಗಿದರೆ ರೇಷನ್ ಕಾರ್ಡಿನಲ್ಲಿ ‘ಮ್ಮ’ ಅಂತ ಮುಗಿಯುತ್ತದೆ. ಮನೆಯಲ್ಲಿ ಎರಡೂ ಹೆಸರಿಂದ ಕರೆಯುತ್ತಾರೆ, ಯಾರಿಗೂ ಅದು ಎರಡು ಹೆಂಗಸರು ಅನ್ನಿಸಿರಲಿಲ್ಲ. ಕಚೇರಿಗೆ ಅನ್ನಿಸಿತು. ತಿದ್ದುಪಡಿಗೆ ಒಂದೂವರೆ ತಿಂಗಳು ಹೋಯಿತು. ಆದ್ದರಿಂದ ಅರ್ಜಿ ಬರೆಯುವ ಮೊದಲು ಎಲ್ಲ ಕಾರ್ಡು ಪಕ್ಕಪಕ್ಕ ಇಟ್ಟು ಹೆಸರು ಅಕ್ಷರಕ್ಕೆ ಅಕ್ಷರ ನೋಡಿ. ನಾಡಕಚೇರಿಯ ಆದಾಯ ಪತ್ರದ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಮೂಲ ಬಿಲ್ಲು ಕೊಡುವ ಮುನ್ನ ಜೆರಾಕ್ಸ್ ಮಾಡಿಸಿ. ಮೆಡಿಕಲ್‌ನವರು ಕೊಡುವ ಆ ನುಣುಪು ಕಾಗದದ ಬಿಲ್ಲುಗಳ ಅಕ್ಷರ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ, ಹಾಗಾಗಿ ಅವತ್ತೇ ಫೋಟೋ ತೆಗೆದಿಡಿ. ‘ನಾ ಮಾಡಿಸಿ ಕೊಡ್ತೀನಿ’ ಅಂತ ಕಚೇರಿ ಹೊರಗೆ ನಿಲ್ಲುವವರಿಗೆ ಮೂಲ ಕಾಗದ ಕೊಡಲೇಬೇಡಿ.

ಓಡಾಟದ ಖರ್ಚು

ಔಷಧದಷ್ಟೇ ದುಡ್ಡು ಬಸ್ಸು ರೈಲಿಗೂ ಹೋಗುತ್ತದೆ. ಬೀದರಿನಿಂದ ಕಲಬುರಗಿ ಕಿದ್ವಾಯಿಗೆ ಬರುವ ಹೆಂಗಸರಿಗೆ ಕೆಕೆಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಇಲ್ಲ. ಹೈದರಾಬಾದ್, ಸೊಲ್ಲಾಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ನಡೆಯುವುದಿಲ್ಲ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ರೈಲಿನಲ್ಲಿ ಹೋಗುವುದಾದರೆ ಸ್ಲೀಪರ್ ಮತ್ತು ಥ್ರೀ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75. ಅದಕ್ಕೆ ರೈಲ್ವೆಯದೇ ಒಂದು ಫಾರ್ಮ್ ಇದೆ. ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಸಹಿ, ಸೀಲು ಹಾಕಿಸಿ ಸ್ಟೇಷನ್‌ನ ರಿಸರ್ವೇಷನ್ ಕೌಂಟರಿಗೆ ಕೊಡಿ. ನಾವು ಮೊದಲ ಸಲ ಸೀಲು ಹಾಕಿಸುವುದನ್ನು ಮರೆತು, ಚಿಕ್ಕಪ್ಪನನ್ನು ಸ್ಟೇಷನ್ ಬೆಂಚಿನ ಮೇಲೆ ಕೂರಿಸಿ, ಆಟೋದಲ್ಲಿ ಮತ್ತೆ ಆಸ್ಪತ್ರೆಗೆ ಓಡಿದೆವು.